ಮಾಸ್ಟ್ರ ಟಪಾಲು: ಚಂದ್ರ ಕಕ್ಷೆ ಬಿಟ್ಟು ಓಡಿದರೆ

ಪ್ರ: ಮಾಸ್ಟ್ರೇ, ಮೊಮ್ಮಗ ಎಂಟನೇ ಕ್ಲಾಸು. ಹಳೆಯ ಇಂಗ್ಲಿಷ್ ವಿಜ್ಞಾನ ಧಾರಾವಾಹಿ ಹಾಕಿಕೊಂಡು ಕೂತು ‘ಅಜ್ಜಿ, ಇದು ತಪ್ಪು, ಅದು ತಪ್ಪು’ ಎನ್ನುತ್ತಿರುತ್ತಾನೆ. ‘ಸ್ಪೇಸ್ 1999’ರಲ್ಲಿ ಅಣುತ್ಯಾಜ್ಯ ಸಿಡಿದು ಚಂದ್ರನೇ ಕಕ್ಷೆ ಬಿಟ್ಟು ಓಡುತ್ತದಂತೆ. ‘ಸ್ಟಾರ್ ಟ್ರೆಕ್’ನಲ್ಲಿ ಕ್ಯಾಪ್ಟನ್ನನ ಇನಿಶಿಯಲ್ಲೇ ಬದಲಾಗುತ್ತದಂತೆ. ಈ ಚಟ ಬಿಡಿಸಬೇಕೇ?
– ಒಬ್ಬ ಅಜ್ಜಿ, ಡೊಂಬಿವಲಿ

ಉ: ಬಿಡಿಸಬೇಡಿ ಅಮ್ಮಾ. ಆದರೆ ‘ತಪ್ಪು’ ಎಂದಷ್ಟೇ ಹೇಳಿ ಎದ್ದು ಹೋಗಲೂ ಬಿಡಬೇಡಿ. ಎಷ್ಟು ತಪ್ಪು ಎಂದು ಲೆಕ್ಕ ಮಾಡಿಸಿ.

ಚಂದ್ರನದ್ದನ್ನೇ ಹಿಡಿಯೋಣ. 1975ರಲ್ಲಿ ಶುರುವಾದ ಆ ಧಾರಾವಾಹಿಯಲ್ಲಿ, 1999ರ ಸೆಪ್ಟೆಂಬರ್ 13ರಂದು ಸ್ಫೋಟವಾಗಿ, ತನ್ನ ಮೇಲಿನ ನೆಲೆಯಲ್ಲಿದ್ದ 311 ಜನರ ಸಮೇತ ಚಂದ್ರ ಹೊರಟೇಬಿಡುತ್ತದೆ. ಚಂದ್ರ ಭೂಮಿಯನ್ನು ಸುತ್ತುವುದು ಸೆಕೆಂಡಿಗೆ ಸುಮಾರು 1 ಕಿ.ಮೀ. ವೇಗದಲ್ಲಿ. ಭೂಮಿಯ ಹಿಡಿತದಿಂದ ತಪ್ಪಿಸಿಕೊಳ್ಳಲು 1.4 ಕಿ.ಮೀ. ವೇಗ ಬೇಕು. ಕೇಳಲು ಅಲ್ಪ ಅನಿಸುತ್ತದೆ. ಆದರೆ ದೂಡಬೇಕಾದದ್ದು ಇಡೀ ಚಂದ್ರನನ್ನು! 1961ರಲ್ಲಿ ಸೋವಿಯತ್ ಒಕ್ಕೂಟ ಸಿಡಿಸಿದ, ಇದುವರೆಗಿನ ಅತಿ ದೊಡ್ಡ ಬಾಂಬು 50 ಮೆಗಾಟನ್ನಿನದು. ಅಂಥವು ಸುಮಾರು 18 ಸಾವಿರ ಕೋಟಿ ಬೇಕು. ಸೂರ್ಯ ಎಲ್ಲ ದಿಕ್ಕಿಗೂ ಚೆಲ್ಲುವ ಶಕ್ತಿಯನ್ನು ನೂರು ಸೆಕೆಂಡು ಕೂಡಿಟ್ಟಷ್ಟು. ಅದು ಒಂದೇ ಕಡೆ ಸಿಡಿದರೆ ಚಂದ್ರ ಇಡಿಯಾಗಿ ಉಳಿಯುವುದೇ ಕಷ್ಟ, ಆ 311 ಜನರ ಮಾತು ಹಾಗಿರಲಿ.

ಇಷ್ಟಾದರೂ ಚಂದ್ರ ಬಿಟ್ಟದ್ದು ಭೂಮಿಯನ್ನು ಮಾತ್ರ. ಸೂರ್ಯನನ್ನು ಸುತ್ತುವುದು ತಪ್ಪುವುದಿಲ್ಲ. ಮತ್ತೆ ಧಾರಾವಾಹಿಯಲ್ಲಿ ತೋರಿಸುವಂತೆ ವಾರಕ್ಕೊಂದು ಹೊಸ ಗ್ರಹ ಎದುರಾಗುವುದೆಲ್ಲಿ? ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ 4.24 ಜ್ಯೋತಿರ್ವರ್ಷ ದೂರ (ಬೆಳಕು ಒಂದು ವರ್ಷದಲ್ಲಿ ಓಡುವಷ್ಟು ದೂರವೇ ಒಂದು ಜ್ಯೋತಿರ್ವರ್ಷ). ವಾಯೇಜರ್ 1 ನೌಕೆಯ ವೇಗ ಸೆಕೆಂಡಿಗೆ 17 ಕಿ.ಮೀ. ಆ ವೇಗದಲ್ಲಿ ಅಷ್ಟು ದೂರಕ್ಕೆ ಎಷ್ಟು ವರ್ಷ? ಇದನ್ನು ಮೊಮ್ಮಗನೇ ಮಾಡಲಿ. 75 ಸಾವಿರದ ಆಸುಪಾಸು ಬಂದರೆ ಸರಿ.

ಇನಿಶಿಯಲ್ಲಿನ ವಿಷಯ ಸಣ್ಣದು. 1965ರಲ್ಲಿ, ‘ಸ್ಟಾರ್ ಟ್ರೆಕ್’ ಧಾರಾವಾಹಿಗೆ ಒಪ್ಪಿಗೆ ಸಿಗುವ ಮೊದಲು ತೆಗೆದ ಪ್ರಾಯೋಗಿಕ ಕಂತು ಅದು. ಗೋರಿಕಲ್ಲಿನ ಮೇಲೆ ‘ಜೇಮ್ಸ್ ಆರ್. ಕರ್ಕ್’ ಎಂದಿದೆ, ಮುಂದೆ ‘ಟಿ.’ ಆಯಿತು. ಕಣ್ಣಿಗೆ ಬಿದ್ದದ್ದಕ್ಕೆ ಹುಡುಗನ ಬೆನ್ನು ತಟ್ಟಿ.

ಪ್ರ: ಬಾಹ್ಯಾಕಾಶದಲ್ಲಿ ಹಡಗು ಸಿಡಿದರೆ ‘ಢಮಾರ್’ ಕೇಳುತ್ತದೆಯೇ?
– ಓದುಗರು, ಪಿಂಪ್ರಿ

ಉ: ಇದೇ ಪ್ರಶ್ನೆಯನ್ನು ನನಗೆ ಮೊದಲು ಕೇಳಿದವ ಮುಂಬಯಿಯ ಫೋರ್ಟಿನ ಕನ್ನಡ ರಾತ್ರಿ ಶಾಲೆಯ ಒಬ್ಬ ಹುಡುಗ. ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕ್ಲಾಸಿಗೆ ಬರುತ್ತಿದ್ದ. ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಬರುತ್ತಿದ್ದ 1980ರ ದಶಕ ಅದು. ನಮ್ಮಲ್ಲಿ ಪ್ರಯೋಗಶಾಲೆ ಇರಲಿಲ್ಲ. ಮೆಟ್ಟಿಲಿನ ಕಬ್ಬಿಣದ ಕಟಕಟೆಗೆ ಅವನ ಕಿವಿ ಹಚ್ಚಿಸಿ, ಕೆಳಗಿನಿಂದ ನಾಲ್ಕಾಣೆಯಲ್ಲಿ ಮೆಲ್ಲಗೆ ತಟ್ಟಿದೆ. ಕೇಳಿಸಿತು. ಕಿವಿ ತೆಗೆಸಿ ಮತ್ತೆ ತಟ್ಟಿದೆ. ಕೇಳಿಸಲಿಲ್ಲ. ‘ಬಾಹ್ಯಾಕಾಶದಲ್ಲಿ ಕಬ್ಬಿಣ ಇಲ್ಲ, ಗಾಳಿಯೂ ಇಲ್ಲ ಅಂದ್ರೆ ಸದ್ದನ್ನು ಹೊರುವವರು ಯಾರು?’ ಎಂದೆ. ಅವನು ತುಸು ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಬೆಳಕು ಮಾತ್ರ ಕಾಣ್ತದೆ ಸರ್’ ಎಂದ.

ಒಂದು ಮಾತು ಸೇರಿಸಬೇಕು. ಸಿಡಿದ ಚೂರು ಬಂದು ನಿಮ್ಮ ಹಡಗಿಗೇ ಬಡಿದರೆ ಒಳಗಿದ್ದವರಿಗೆ ಸದ್ದು ಖಂಡಿತ ಕೇಳುತ್ತದೆ. ಲೋಹವೂ ಇದೆ, ಒಳಗೆ ಗಾಳಿಯೂ ಇದೆ. ಹಾಗಾಗಿ ‘ಢಮಾರ್’ ಎಂದಾಗ ಕ್ಯಾಮೆರಾ ಹಡಗಿನ ಒಳಗಿದೆಯೋ ಹೊರಗಿದೆಯೋ ಮೊದಲು ನೋಡಿಕೊಳ್ಳಿ.