ನಕ್ಕರೆ ಟೋಪಿ ನೋಡಿ ನಗಲಿ

(ಗುರುತು ಸಿಗದಂತೆ ವಿವರಗಳನ್ನು ಬದಲಾಯಿಸಿದ್ದೇನೆ.)

ಅವರು ಒಳಗೆ ಬಂದಾಗ ನನ್ನ ಪುಟ್ಟ ಕೋಣೆಗೆ ತೇರು ಬಂದ ಹಾಗಾಯ್ತು. ನವಿಲು ಬಣ್ಣದ ಕೋಟು, ಗರಿ ಸಿಕ್ಕಿಸಿದ ಟೋಪಿ, ಎರಡೂ ಕೈ ಸೇರಿ ಏಳು ಉಂಗುರ. ಬೆಂಗಳೂರಿನ ಚಿತ್ರಕಲಾವಿದ, ವಯಸ್ಸು 38. ಜಂಬದ ಮನುಷ್ಯ ಅಂದುಕೊಂಡೆ. ಇಷ್ಟು ವರ್ಷ ಜನರ ಮನಸ್ಸಿನ ತೊಂದರೆ ಕೇಳುವ ಈ ಕೆಲಸ ಮಾಡಿದರೂ ಬಟ್ಟೆ ನೋಡಿ ಅಳೆಯುವ ನನ್ನ ಚಾಳಿ ಹೋಗಿಲ್ಲ ನೋಡಿ.

ಪ್ರದರ್ಶನದ ಹಿಂದಿನ ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಎದೆ ಢವಢವ. ಹೊರಡಲು ಎರಡು ಗಂಟೆ ಸಿಂಗಾರ. ಕಳೆದ ಸಲ ಟೋಪಿ ಆಟೋದಲ್ಲಿ ಮರೆತು, ತಮ್ಮದೇ ಪ್ರದರ್ಶನದ ಬಾಗಿಲಿಂದ ಮನೆಗೆ ವಾಪಸ್ ಬಂದಿದ್ದರು.

"ಟೋಪಿ ಇಲ್ಲದೆ ಹೋಗಿದ್ರೆ ಏನಾಗ್ತಿತ್ತು?"

ಉಂಗುರ ತಿರುಗಿಸುತ್ತಾ ಕೂತರು. ಅದು ಸಡಿಲವಾಗಿತ್ತು, ಒಳಗೆ ದಾರ ಸುತ್ತಿದ್ದರು. "ಟೋಪಿ ಇದ್ರೆ ಜನ ಟೋಪಿ ನೋಡಿ ನಗ್ತಾರೆ ಮೇಡಂ. ಇಲ್ದಿದ್ರೆ ಚಿತ್ರ ನೋಡಿ ನಗ್ತಾರೆ."

ತಂದೆ ಶ್ರೀರಾಂಪುರದಲ್ಲಿ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದರಂತೆ. ಫ್ಲೆಕ್ಸ್ ಬಂತು, ಕೆಲಸ ನಿಂತಿತು. ಮಗ ಕಲಾಶಾಲೆ ಸೇರಿದ ಮೊದಲ ವರ್ಷ ಮೇಷ್ಟ್ರೊಬ್ಬರು ಇಡೀ ಕ್ಲಾಸಿನ ಎದುರು "ಇದು ಬೋರ್ಡ್ ಬರೆಯೋರ ಕೈ" ಅಂದರು. ಮರುವಾರವೇ ಚಿಕ್ಕಪೇಟೆಯಿಂದ ಮಿರಮಿರ ಮಿಂಚುವ ಜಾಕೆಟ್ ಬಂತು.

ಟೋಪಿ ಬಿಸಾಕಿ ಅಂತ ನಾನು ಹೇಳಲಿಲ್ಲ. ಬಣ್ಣದ ಬಟ್ಟೆ ಇಷ್ಟಪಡುವುದು ಕಾಯಿಲೆ ಅಲ್ಲ. ಅದಿಲ್ಲದೆ ಹೊಸಿಲು ದಾಟಲು ಆಗದಿದ್ದರೆ ಮಾತ್ರ ತೊಂದರೆ. ಪ್ರದರ್ಶನ ಚೆನ್ನಾಗಿ ನಡೆದರೂ ಹೆಸರು ಟೋಪಿಗೇ ಹೋಗುತ್ತದೆ. ಭಯ ಇದ್ದಲ್ಲೇ ಇರುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಒಂದು ಅಧ್ಯಯನ 2000ದಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳಿಗೆ ಮುಜುಗರದ ಟೀಶರ್ಟ್ ಹಾಕಿಸಿ ಬೇರೆಯವರಿದ್ದ ಕೋಣೆಗೆ ಕಳಿಸಿದ್ದರು. ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರ ಊಹೆ. ಗಮನಿಸಿದ್ದು ಹೆಚ್ಚೆಂದರೆ ಕಾಲು ಭಾಗ. ಇದನ್ನು ಹೇಳಿದರೆ "ಅದು ಅಮೆರಿಕ" ಅಂದುಬಿಟ್ಟರು. ಸರಿ, ನಮ್ಮೂರಲ್ಲೇ ನೋಡೋಣ ಅಂದೆ.

ಮೊದಲು ಉಂಗುರ ಇಲ್ಲದೆ ಹೋಟೆಲಿಗೆ ಕಾಫಿಗೆ. ಆಮೇಲೆ ಟೋಪಿ ಇಲ್ಲದೆ ಗೆಳೆಯರ ಮನೆಗೆ. ಹೋಗುವ ಮುಂಚೆ ಏನಾಗುತ್ತದೆ ಅಂತ ಬರೆಯಬೇಕು, ಬಂದ ಮೇಲೆ ಏನಾಯ್ತು ಅಂತ. ರಾತ್ರಿ ಹೊತ್ತು ತೀರಾ ಕಷ್ಟ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಅಂತಲೂ ಹೇಳಿದೆ. ತಂದೆ ಬರೆದ ಬೋರ್ಡ್ ಎಲ್ಲಾದರೂ ಉಳಿದಿದ್ದರೆ ಫೋಟೊ ತನ್ನಿ ಅಂದೆ.

ತಂದರು. ಹಿಟ್ಟಿನ ಗಿರಣಿಯ ಬೋರ್ಡು. 'ಣಿ'ಯ ಸುತ್ತನ್ನು ಅಪ್ಪ ಕುಂಚ ಎತ್ತದೆ ಒಂದೇ ಸಲಕ್ಕೆ ಹೇಗೆ ಎಳೆಯುತ್ತಿದ್ದರು ಅಂತ ಗಾಳಿಯಲ್ಲಿ ಬರೆದು ತೋರಿಸಿದರು. ಹತ್ತು ನಿಮಿಷ ಉಂಗುರ ಮುಟ್ಟಲಿಲ್ಲ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ. ಒಂದು ಗಂಟೆ ಬರೀ ಅಂಗಿಯಲ್ಲಿ ಕೂತರು. ನೋಟ್‌ಬುಕ್‌ನಲ್ಲಿ ಹೀಗಿತ್ತು: 'ಊಹೆ: ಯಾರೂ ನಿಲ್ಲಲ್ಲ. ಆದದ್ದು: ಹನ್ನೊಂದು ಜನ ನಿಂತರು. ಒಬ್ಬರು ರೇಟು ಜಾಸ್ತಿ ಅಂತ ಬೈದು ಹೋದರು. ಒಂದು ಹುಡುಗಿ, ಈ ಅಕ್ಷರ ಕೈಯಲ್ಲೇ ಬರೆದಿದ್ದಾ ಅಂತ ಕೇಳಿದಳು.'

ಅದಾದ ಮೇಲೆ ಟೋಪಿ ಹಾಕಿಕೊಂಡರಂತೆ. ನಾನು ಹುಬ್ಬೇರಿಸಿದೆ.

"ಬಿಸಿಲು ಮೇಡಂ" ಅಂದರು.