3ಡಿ ಪ್ರಿಂಟರ್‌ನಲ್ಲಿ ಪಿಎಲ್ಎ ಪ್ಲಾಸ್ಟಿಕ್ಕಿನಿಂದ ಪ್ರಿಂಟ್ ಮಾಡಿದ ಲೈಟ್‌ಸೇಬರ್‌ಗೆ (ಸ್ಟಾರ್ ವಾರ್ಸ್ ಸಿನಿಮಾದ ಬೆಳಕಿನ ಕತ್ತಿ) ಗ್ರಾಫ್ಲೆಕ್ಸ್ ಕಂಪನಿಯ ಹಳೇ ಕ್ಯಾಮೆರಾ ಫ್ಲ್ಯಾಶಿನ ಅಸಲಿ ಕ್ಲ್ಯಾಂಪನ್ನು ಸೂಪರ್ ಗ್ಲೂನಿಂದ ಅಂಟಿಸಬಹುದೇ?

ಬೇಡ. ಅಸಲಿ ಭಾಗಕ್ಕೆ ಅಂಟು ತಾಗಿಸಲೇಬೇಡಿ, ಬೇಕೆಂದಾಗ ಬಿಚ್ಚಲು ಬರುವಂತೆ ಬಿಗಿಯಿರಿ. 1977ರ ಸ್ಟಾರ್ ವಾರ್ಸ್‌ನಲ್ಲಿ ನಾಯಕ ಲ್ಯೂಕ್ ಹಿಡಿದ ಲೈಟ್‌ಸೇಬರನ್ನು ಮಾಡಿದ್ದೇ ಹಳೇ ಗ್ರಾಫ್ಲೆಕ್ಸ್ ಫ್ಲ್ಯಾಶ್ ಹಿಡಿಯಿಂದ. ಹಾಗಾಗಿ ನಿಮ್ಮ ಕ್ಲ್ಯಾಂಪಿಗೆ ಬೆಲೆಯಿದೆ. ಪ್ಲಾಸ್ಟಿಕ್ ಕೊಳವೆ ಹಾಳಾದರೆ ಇನ್ನೊಂದು ಪ್ರಿಂಟ್ ಹೊಡೆದರಾಯ್ತು.

ತೊಂದರೆ ಇರುವುದು ಬಿಸಿಯಲ್ಲಿ. ನೀವು ಬಳಸಿರುವ ಪಿಎಲ್ಎ ಪ್ಲಾಸ್ಟಿಕ್ಕು ಬಿಸಿಗೆ ಕ್ಲ್ಯಾಂಪಿನ ಲೋಹಕ್ಕಿಂತ ಕೆಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಸೂಪರ್ ಗ್ಲೂ ಒಣಗಿದರೆ ಗಾಜಿನ ಹಾಗೆ, ಬಗ್ಗುವುದಿಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಹಗಲು ಹಿಗ್ಗಿ ರಾತ್ರಿ ಕುಗ್ಗುವಾಗ ಆ ಜೋಡಣೆ ಬಿರುಕು ಬಿಡುತ್ತದೆ. ಜೊತೆಗೆ ಅಂಟಿನ ಆವಿ ಕೂತ ಕಡೆ ಲೋಹದ ಹೊಳಪಿನ ಮೇಲೆ ಬಿಳಿ ಮಂಕು ಕಟ್ಟುತ್ತದೆ, ಅದನ್ನು ಉಜ್ಜಲು ಹೋದರೆ ಹಳೇ ಪಾಲಿಶ್ ಕೂಡ ಹೋಗುತ್ತದೆ.

ಕ್ಲ್ಯಾಂಪಿನ ಲಿವರ್ ಇರುವುದೇ ಬಿಗಿಯಲಿಕ್ಕೆ. ಕೊಳವೆಯನ್ನು ಚೂರು ಸಣ್ಣದಾಗಿ ಪ್ರಿಂಟ್ ಮಾಡಿ, ತೆಳು ಪಾಲಿಯೆಸ್ಟರ್ ಟೇಪ್ ಸುತ್ತಿ, ಲಿವರ್ ಒತ್ತಿ. ಆದರೆ ಸದಾ ಒತ್ತಡದಲ್ಲಿರುವ ಪಿಎಲ್ಎ ನಿಧಾನಕ್ಕೆ ತಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ನನ್ನ ಕೇಳಿದರೆ, ಊರಿನ ಯಾವುದಾದರೂ ಲೇತ್ ಅಂಗಡಿಗೆ ಕ್ಲ್ಯಾಂಪನ್ನೇ ಒಯ್ದು, ಅದರ ಒಳ ಅಳತೆಗೆ ಅಲ್ಯೂಮಿನಿಯಂ ಪೈಪ್ ಕಡೆಸುವುದು ವಾಸಿ. ತೂತು ಕೊರೆಯಲೇಬೇಕಿದ್ದರೆ ಪೈಪಿಗೆ ಕೊರೆಯಿಸಿ, ಕ್ಲ್ಯಾಂಪಿಗಲ್ಲ.