ನಿಟ್ ಟಾಲರೆನ್ಸ್ 0.1 ಇಟ್ರೆ ಸಾಲಿಡ್ ಆಗ್ತಿದೆ, ಹಂಗೇ ಟೂಲ್‌ಗೆ (ಪ್ಲಾಸ್ಟಿಕ್ ಅಚ್ಚು ಮಾಡೋಕೆ) ಕೊಟ್ಬಿಡ್ಲಾ?

ಕೊಡಬೇಡಿ. ಐಜಿಇಎಸ್ ಫೈಲು (ಒಂದು ಕ್ಯಾಡ್ ಸಾಫ್ಟ್‌ವೇರಿಂದ ಇನ್ನೊಂದಕ್ಕೆ ಮಾಡೆಲ್ ಸಾಗಿಸೋ ಫಾರ್ಮ್ಯಾಟು) ಸಾಲಿಡ್‌ವರ್ಕ್ಸ್ ಅನ್ನೋ ಕ್ಯಾಡಲ್ಲಿ ಬರೀ ಸರ್ಫೇಸಾಗಿ, ಅಂದ್ರೆ ಒಳಗೆ ಗಟ್ಟಿ ಇಲ್ಲದ ಬಿಡಿ ಸಿಪ್ಪೆಯಾಗಿ ಬಂತು, 23 ಗ್ಯಾಪ್ ತೋರಿಸ್ತು, ನಿಟ್ ಟಾಲರೆನ್ಸ್, ಅಂದ್ರೆ ಸರ್ಫೇಸ್ ಸೇರಿಸುವಾಗ ಇಷ್ಟು ಮಿಲಿಮೀಟರ್ ಗ್ಯಾಪ್ ಇದ್ರೂ ಪರವಾಗಿಲ್ಲ ಅನ್ನೋ ಮಿತಿ, ಅದನ್ನ 0.1ಕ್ಕೆ ಎಳೆದ ತಕ್ಷಣ ಎಲ್ಲಾ ಮುಚ್ಕೊಂಡು ಸಾಲಿಡ್ ಆಗೋಯ್ತು ಅಂತ ಬರ್ದಿದೀರಲ್ಲ, ಓದಿ ಎದೆ ಧಸಕ್ ಅಂತು. ಇದೇ ಖುಷಿ ನಾನೂ ಪಟ್ಟಿದ್ದೆ, 2014ರಲ್ಲಿ, ಪೀಣ್ಯದ ಒಂದು ಟೂಲ್‌ರೂಮಲ್ಲಿ. ಡಿಪ್ಲೊಮಾ ಮುಗ್ಸಿ ಎರಡು ವರ್ಷ ಆಗಿತ್ತು, ಡಿಸೈನರ್ ಅಂತ ಕಾರ್ಡ್ ಬೇರೆ ಮಾಡಿಸ್ಕೊಂಡಿದ್ದೆ.

ಬಂದಿದ್ದು ಮಿಕ್ಸಿ ಜಾರಿನ ಹಿಡಿ. ಎಬಿಎಸ್ ಪ್ಲಾಸ್ಟಿಕ್ ಪಾರ್ಟು. ಹೆಬ್ಬೆರಳು ಕೂರೋ ಜಾಗದಲ್ಲಿ ಒಂದು ಕಿಂಡಿ, ಆ ಕಿಂಡಿ ಸುತ್ತ ಕೋರ್ (ಅಚ್ಚಿನ ಒಳ ಅರ್ಧ) ಬಂದು ಕ್ಯಾವಿಟಿ (ಹೊರ ಅರ್ಧ) ಮೇಲೆ ಕೂತ್ಕೊಂಡು ಶಟ್-ಆಫ್ ಆಗ್ಬೇಕು, ಅಂದ್ರೆ ಪ್ಲಾಸ್ಟಿಕ್ ನುಗ್ದಂಗೆ ಸ್ಟೀಲ್‌ಗೆ ಸ್ಟೀಲ್ ಮುಚ್ಕೋಬೇಕು. ಕಸ್ಟಮರ್ ಕಡೆ ಸ್ಟೈಲಿಂಗ್ ಮಾಡಿದೋರು ಕಳಿಸಿದ್ದು ಐಜಿಇಎಸ್, 140 ಚಿಲ್ಲರೆ ಸರ್ಫೇಸು, ನೋಡೋಕೆ ಬೆಣ್ಣೆ ಥರ ಇತ್ತು. ರೈನೋ ಅನ್ನೋ ಕ್ಯಾಡ್ ಸಾಫ್ಟ್‌ವೇರಲ್ಲಿ ತೆಗ್ದು ಜಾಯಿನ್ (ಸೇರಿಸೋ ಕಮಾಂಡ್) ಕೊಟ್ಟೆ, ಶೋ ಎಡ್ಜಸ್ ಹಾಕಿ ನೋಡಿದ್ರೆ ಮೈಯೆಲ್ಲಾ ಗುಲಾಬಿ ಗೆರೆ, ಅಂದ್ರೆ ನೇಕೆಡ್ ಎಡ್ಜು, ಪಕ್ಕದ್ದಕ್ಕೆ ಸೇರದೇ ಉಳಿದ ಅಂಚು. ಸಂಜೆ ಒಳಗೆ ಕೋರ್-ಕ್ಯಾವಿಟಿ ಸ್ಪ್ಲಿಟ್ ಆಗ್ಬೇಕು ಅಂತ ಮಾಲೀಕರು ಎರಡು ಸಲ ಬಂದು ಹೋಗಿದ್ರು. ಟಾಲರೆನ್ಸ್ 0.001 ಇತ್ತು, 0.01 ಮಾಡ್ದೆ, ಅರ್ಧ ಹೋಯ್ತು, 0.1 ಮಾಡ್ದೆ, ಪೂರ್ತಿ ಹೋಯ್ತು. ಕ್ಲೋಸ್ಡ್ ಪಾಲಿಸರ್ಫೇಸ್ ಅಂತ ಬಂತು. ಪ್ಯಾರಾಸಾಲಿಡ್ (ಸಾಲಿಡ್‌ವರ್ಕ್ಸ್ ಒಳಗಿನ ಲೆಕ್ಕದ ಎಂಜಿನ್) ಓದೋ ಎಕ್ಸ್-ಟಿ ಫೈಲ್ ಮಾಡಿ ಸಾಲಿಡ್‌ವರ್ಕ್ಸ್‌ಗೆ ತಂದೆ, ಒಂದೇ ಒಂದು ಸಾಲಿಡ್ ಬಾಡಿ, ಇಂಪೋರ್ಟ್ ಡಯಾಗ್ನಾಸ್ಟಿಕ್ಸೂ ತಕರಾರು ತೆಗೀಲಿಲ್ಲ. ಎದ್ದು ಹೋಗಿ ಟೀ ಕುಡ್ದೆ.

ತಪ್ಪು ಎಲ್ಲಿ ಆಯ್ತು ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನಂಗೆ ಇದನ್ನ ಯಾರೂ ಹೇಳಿರ್ಲಿಲ್ಲ. ಟ್ರಿಮ್ ಆದ ಸರ್ಫೇಸ್ ಅಂದ್ರೆ ಟೈಲರ್ ಟೇಬಲ್ ಮೇಲಿನ ಬಟ್ಟೆ ಥರ. ಬಟ್ಟೆ ದೊಡ್ಡದಿರುತ್ತೆ, ಅದರ ಮೇಲೆ ಸೀಮೆಸುಣ್ಣದ ಗೆರೆ ಇರುತ್ತೆ, ಗೆರೆ ಆಚೆದನ್ನ ನಿಮಗೆ ತೋರ್ಸಲ್ಲ ಅಷ್ಟೆ. ಪಕ್ಕದ ಸರ್ಫೇಸಿಗೂ ಅದರದ್ದೇ ಬಟ್ಟೆ, ಅದರದ್ದೇ ಗೆರೆ. ಈ ಎರಡು ಗೆರೆ ನೂರಕ್ಕೆ ನೂರು ಒಂದರ ಮೇಲೊಂದು ಬೀಳೋದು ಫ್ರೀಫಾರ್ಮ್ (ಬೇಕಾದಂಗೆ ಬಾಗಿದ) ಸರ್ಫೇಸಲ್ಲಿ ಆಗೋ ಮಾತೇ ಅಲ್ಲ. ಎರಡು ಬೈಕ್ಯೂಬಿಕ್ (ಎರಡೂ ದಿಕ್ಕಲ್ಲಿ ಘನ ಸಮೀಕರಣದ) ಸರ್ಫೇಸ್ ಒಂದನ್ನೊಂದು ಕತ್ತರಿಸೋ ಗೆರೆ ಗಣಿತದ ಪ್ರಕಾರ 324 ಡಿಗ್ರಿವರೆಗೂ (ಕೋನ ಅಲ್ಲ, ಸಮೀಕರಣದ ಘಾತ) ಹೋಗುತ್ತೆ, ಅದನ್ನ ಯಾವ ಸಾಫ್ಟ್‌ವೇರೂ ಹಾಗೇ ಬರೆದಿಡಲ್ಲ, ಇಷ್ಟರೊಳಗೆ ಬಂದ್ರೆ ಸಾಕು ಅಂತ ಒಂದು ಅಂದಾಜಿನ ಕರ್ವ್ ಹಾಕುತ್ತೆ. ಆ 'ಇಷ್ಟು' ಅನ್ನೋದೇ ಟಾಲರೆನ್ಸು. ಮಾಡಿದೋರ ಸಾಫ್ಟ್‌ವೇರಲ್ಲಿ ಅದು ದೊಡ್ಡದಿತ್ತು, ತಗೊಂಡೋರ ಸಾಫ್ಟ್‌ವೇರಲ್ಲಿ ಚಿಕ್ಕದು ಅಂದ್ರೆ ಅವರಿಗೆ ಮುಚ್ಚಿರೋದು ನಮಗೆ ತೆರೆದಿರುತ್ತೆ. ಪ್ಯಾರಾಸಾಲಿಡ್ ಒಳಗಿನ ನಿಖರತೆ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗ, ಅಷ್ಟು ಮಡಿ ಅದಕ್ಕೆ.

ಇನ್ನು ಜಾಯಿನ್, ನಿಟ್ ಏನ್ ಮಾಡುತ್ತೆ? ನಾನು ಗೋಂದು ಹಚ್ಚಿ ಎಳೆದು ಸೇರಿಸುತ್ತೆ ಅಂದ್ಕೊಂಡಿದ್ದೆ. ಇಲ್ಲ! ಸರ್ಫೇಸು ಇದ್ದಲ್ಲೇ ಇರುತ್ತೆ. 'ಈ ಎಡ್ಜೂ ಆ ಎಡ್ಜೂ ಒಂದೇ ಅಂತ ತಿಳ್ಕೊ' ಅಂತ ಲೆಕ್ಕದಲ್ಲಿ ಬರ್ಕೊಳುತ್ತೆ ಅಷ್ಟೇ. ಪ್ಯಾರಾಸಾಲಿಡಲ್ಲಿ ಟಾಲರಂಟ್ ಎಡ್ಜ್ ಅಂತಾನೇ ಇದೆ, ಇಲ್ಲಿ ಎರಡು ಮುಖ ಸರಿಯಾಗಿ ಕೂಡಲ್ಲ, ಆದ್ರೂ ಕೂಡಿದೆ ಅಂತ ನಡ್ಕೊ ಅನ್ನೋ ಚೀಟಿ. ಸ್ಕ್ರೀನಲ್ಲಿ ಆ ಚೀಟಿ ಕಾಣ್ಸಲ್ಲ. ನಾನು ಸ್ಪ್ಲಿಟ್ ಮಾಡುವಾಗ ಕ್ಯಾವಿಟಿ ಕಡೆ ಹೋಗಿದ್ದು ಬ್ಲೆಂಡ್ ಸರ್ಫೇಸು (ಎರಡು ಮುಖದ ಮಧ್ಯೆ ನುಣ್ಣಗೆ ಬಾಗಿ ಸೇರಿಸೋ ಸರ್ಫೇಸು), ಕೋರ್ ಕಡೆ ಶಟ್-ಆಫ್ ಕಟ್ಟಿದ್ದು ಪಕ್ಕದ ಗೋಡೆಯ ಎಡ್ಜಿಂದ. ಎರಡಕ್ಕೂ ಮಧ್ಯೆ ನಿಜವಾಗ್ಲೂ 0.07 ಇತ್ತು. ಮಿಷಿನ್‌ಗೆ ಚೀಟಿ ಗೀಟಿ ಗೊತ್ತಿಲ್ಲ, ಟೂಲ್‌ಪಾತ್ ಸರ್ಫೇಸ್ ಮೇಲೆ ಓಡುತ್ತೆ, ಸರ್ಫೇಸ್ ಎಲ್ಲಿದ್ಯೋ ಅಲ್ಲಿಗೆ ಸ್ಟೀಲ್ ಕಡಿಯುತ್ತೆ.

ಸ್ಪಾಟಿಂಗ್ ದಿನ, ಅಂದ್ರೆ ನೀಲಿ ಬಣ್ಣ (ಬ್ಲೂ) ಹಚ್ಚಿ ಅಚ್ಚಿನ ಎರಡು ಅರ್ಧ ಸರಿಯಾಗಿ ಕೂರುತ್ತಾ ಅಂತ ನೋಡೋ ದಿನ, ನಮ್ಮ ಹಿರಿ ಫಿಟ್ಟರ್ ಮೇಲೆ ಬಂದ್ರು. ನಮ್ಮಪ್ಪನ ವಯಸ್ಸಿನೋರು. "ಸಾರ್, ಕಿಂಡಿ ಹತ್ರ ಒಂದು ಮೂಲೇಲಿ ಬ್ಲೂ ಹತ್ತುತ್ತಾ ಇಲ್ಲ, ಒಂಚೂರು ಡ್ರಾಯಿಂಗ್ ನೋಡಿ" ಅಂದ್ರು. ನಾನು ಕುರ್ಚಿಯಿಂದ ಏಳ್ಲೂ ಇಲ್ಲ, "ಕ್ಯಾಡಲ್ಲಿ ಸಾಲಿಡ್ ಇದೆ ಅಣ್ಣಾ, ಮಿಷಿನಿಂಗಲ್ಲೇ ಏನೋ ಆಗಿರ್ಬೇಕು" ಅಂದೆ. ಅವರು ಏನೂ ಅನ್ಲಿಲ್ಲ, ಕೈ ಕಾಟನ್ ವೇಸ್ಟಲ್ಲಿ ಒರ್ಸ್ಕೊಂಡು ಹೋದ್ರು.

ಟ್ರಯಲ್ಲಲ್ಲಿ ಮೊದಲನೇ ಪೀಸಿಂದಾನೇ ಫ್ಲ್ಯಾಷು, ಅಂದ್ರೆ ಸಂದಿಯಿಂದ ಆಚೆ ನುಗ್ಗಿದ ಪ್ಲಾಸ್ಟಿಕ್. ಕಿಂಡಿ ಒಳಗೆ, ಸರಿಯಾಗಿ ಹೆಬ್ಬೆರಳು ತಾಗೋ ಕಡೆ, ಈರುಳ್ಳಿ ಸಿಪ್ಪೆ ಥರ. ಪ್ರೆಷರ್ ಇಳಿಸಿದ್ವಿ, ಶಾರ್ಟ್ ಆಯ್ತು (ಪೀಸು ಪೂರ್ತಿ ತುಂಬಲಿಲ್ಲ), ಏರಿಸಿದ್ವಿ, ಮತ್ತೆ ಫ್ಲ್ಯಾಷು. ಎಬಿಎಸ್‌ಗೆ ಏರ್ ವೆಂಟ್ ನಾವೇ 0.03 ಹಂಗೆ ಕೊಡ್ತೀವಿ, ಗಾಳಿ ಹೋಗ್ಲಿ ಪ್ಲಾಸ್ಟಿಕ್ ಹೋಗ್ದೇ ಇರ್ಲಿ ಅಂತ. ನಾನು ಕೊಟ್ಟಿದ್ದು ಅದರ ಎರಡರಷ್ಟಕ್ಕೂ ದೊಡ್ಡ ಬಾಗಿಲು. ಲೇಸರ್ ವೆಲ್ಡಿಂಗು, ಹೊಸ ಎಲೆಕ್ಟ್ರೋಡು, ಮತ್ತೆ ಸ್ಪಾರ್ಕು (ಕರೆಂಟ್ ಕಿಡಿಯಿಂದ ಸ್ಟೀಲ್ ಕೊರೆಯೋದು), ಮತ್ತೆ ಪಾಲಿಶು, 11 ದಿನ ಹೋಯ್ತು, ದುಡ್ಡು ಲಕ್ಷದ ಹತ್ರ ಹತ್ರ. ಮಾಲೀಕರು ಬೈದಿದ್ದನ್ನ ಇಲ್ಲಿ ಟೈಪ್ ಮಾಡೋ ಹಂಗಿಲ್ಲ. ಫಿಟ್ಟರ್ ಮುಖ ನೋಡೋಕೆ ಅದಕ್ಕಿಂತ ಕಷ್ಟ ಆಯ್ತು.

ಈಗ ನಿಮ್ಮ ಎರಡನೇ ಪ್ರಶ್ನೆ, ಐಜಿಇಎಸ್ ಬಿಟ್ಟು ಸ್ಟೆಪ್ (ಅದರ ನಂತರ ಬಂದ ಫಾರ್ಮ್ಯಾಟು) ತರಿಸಿದ್ರೆ ಸರಿಹೋಗುತ್ತಾ ಅಂತ. ತರಿಸಿ, ಬೇಡ ಅನ್ನಲ್ಲ. ಐಜಿಇಎಸ್ 1980ರದ್ದು, ಪಂಚ್ ಕಾರ್ಡ್ ಕಾಲದ 80 ಅಕ್ಷರದ ಸಾಲು ಈಗ್ಲೂ ಹಂಗೇ ಇದೆ, 1996ರ 5.3 ಆದ್ಮೇಲೆ ಹೊಸ ವರ್ಷನ್ನೇ ಬಂದಿಲ್ಲ. ಸಾಮಾನ್ಯವಾಗಿ ಅದ್ರಲ್ಲಿ ಬರೋದು 144 ನಂಬರಿನ ಟ್ರಿಮ್ಡ್ ಸರ್ಫೇಸು, ಒಂದೊಂದೂ ಬಿಡಿಬಿಡಿ, ಯಾರ ಪಕ್ಕ ಯಾರು ಅನ್ನೋ ಸುದ್ದಿನೇ ಇರಲ್ಲ. ಸ್ಟೆಪ್ಪಲ್ಲಿ ಸಾಲಿಡ್ ಆಗಿ ಕಳಿಸಿದ್ರೆ ಆ ಸುದ್ದಿ ಜೊತೆಗೇ ಬರುತ್ತೆ. ಆದ್ರೆ ಫಾರ್ಮ್ಯಾಟ್ ಅನ್ನೋದು ಲಾರಿ ಅಷ್ಟೇ ಕಣ್ರೀ, ಮೂಟೆ ಒಳಗೆ ಕಲ್ಲಿದ್ರೆ ಲಾರಿ ಬದಲಾಯಿಸಿ ಏನ್ ಪ್ರಯೋಜನ. ಆ ಕಡೆನೇ ಓಪನ್ ಇದ್ದಿದ್ರೆ ಸ್ಟೆಪ್ಪಲ್ಲೂ ಓಪನ್ನೇ ಬರುತ್ತೆ. ಅದಕ್ಕೇ ಮೊದಲು ಕೇಳ್ಬೇಕಾದ್ದು "ನಿಮ್ಮಲ್ಲಿ ಇದು ಕ್ಲೋಸ್ಡ್ ಇದ್ಯಾ, ಯಾವ ಟಾಲರೆನ್ಸಲ್ಲಿ ಮಾಡಿದ್ರಿ" ಅಂತ. ಕೇಳೋಕೆ ಮುಜುಗರ ಪಡ್ಬೇಡಿ, ನಾನು ಪಟ್ಟೆ. ಹಾಗೇ ಒಂದು ಗೊತ್ತಿರೋ ಅಳತೆ ಚೆಕ್ ಮಾಡಿ, ಇಂಚು-ಮಿಲಿಮೀಟರ್ ಗಲಾಟೇಲಿ 25.4 ಪಟ್ಟು ದೊಡ್ಡದಾಗಿ ಬಂದ ಹಿಡಿಯನ್ನ ನಾನು ನೋಡಿದೀನಿ.

ನೀವು 3ಡಿ ಪ್ರಿಂಟ್ ತೆಗೆದು ಬರೀ ತೋರ್ಸೋಕೆ ಅಂತಿದ್ರೆ 0.1 ಇಡಿ, ಪ್ರಿಂಟ್ ಲೇಯರೇ ಸಾಮಾನ್ಯವಾಗಿ 0.2 ಇರುತ್ತೆ, ತಲೆ ಕೆಡಿಸ್ಕೋಬೇಡಿ. ಮೋಲ್ಡ್‌ಗೆ ಅಂದ್ರೆ ಮುಚ್ಚೋಕೆ ಮುಂಚೆ ಅಳೀರಿ. ರೈನೋ ಇದ್ರೆ ಎರಡೂ ಕಡೆ ಎಡ್ಜ್ ಡೂಪ್ಲಿಕೇಟ್ ಮಾಡ್ಕೊಂಡು ಕರ್ವ್ ಡೀವಿಯೇಶನ್ ಕಮಾಂಡ್ ಕೊಡಿ, ಗರಿಷ್ಠ ಎಷ್ಟು ದೂರ ಅಂತ ಹೇಳುತ್ತೆ. ಜಾಯಿನ್ ಎಡ್ಜ್ ಅನ್ನೋ ಕಮಾಂಡ್ ಮಾತ್ರ ಮುಟ್ಬೇಡಿ, ಅದು ಎಷ್ಟೇ ಗ್ಯಾಪ್ ಇದ್ರೂ ಕಣ್ಮುಚ್ಚಿ ಸೇರಿಸುತ್ತೆ, ನನ್ನ 0.1ಕ್ಕೂ ದೊಡ್ಡಣ್ಣ ಅದು. 0.01 ಒಳಗೆ ಬರೋದನ್ನ ನಾನು ನಿಟ್‌ಗೆ ಬಿಡ್ತೀನಿ. ಅದಕ್ಕಿಂತ ದೊಡ್ಡದು ಶಟ್-ಆಫ್ ಅಥವಾ ಪಾರ್ಟಿಂಗ್ ಲೈನ್ (ಅಚ್ಚಿನ ಎರಡು ಅರ್ಧ ಸೇರೋ ಗೆರೆ) ಮೇಲೆ ಬಂದ್ರೆ ಆ ಬ್ಲೆಂಡನ್ನ ಡಿಲೀಟ್ ಮಾಡಿ, ಪಕ್ಕದ ಎರಡು ಸರ್ಫೇಸನ್ನ ಅನ್‌ಟ್ರಿಮ್ ಮಾಡಿ ಉದ್ದ ಎಳೆದು, ಮತ್ತೆ ಒಂದಕ್ಕೊಂದು ಕತ್ತರಿಸಿ, ಬ್ಲೆಂಡ್ ಹೊಸದಾಗಿ ಹಾಕ್ತೀನಿ. ಅರ್ಧ ದಿನ ಹೋಗುತ್ತೆ, ಹೋಗ್ಲಿ. ಹೀಲ್ ಆಲ್ (ಸಾಫ್ಟ್‌ವೇರ್ ತಾನೇ ರಿಪೇರಿ ಮಾಡೋ ಬಟನ್) ಒತ್ತಿ ಕೂರೋದು ನಂಗಂತೂ ಆಗಿ ಬಂದಿಲ್ಲ, ಅದು ಸ್ಟೈಲಿಂಗ್ ಮುಖಾನೇ ಸೊಟ್ಟ ಮಾಡಿದ್ದೂ ಉಂಟು.

ನಿಮ್ಮ 23ರಲ್ಲಿ ಶಟ್-ಆಫ್ ಮೇಲೆ ಎಷ್ಟು ಬಂದಿದಾವೆ, ಒಂದೊಂದೂ ಎಷ್ಟೆಷ್ಟಿದೆ, ಅಳೆದು ಹಾಕಿ, ಆಮೇಲೆ ನೋಡೋಣ. ಸ್ಟೀಲ್ ಆಗ್ಲೇ ಮಿಷಿನ್ ಮೇಲೆ ಹತ್ತಿಬಿಟ್ಟಿದ್ರೆ, ಕೆಳಗೆ ಹೋಗಿ ಫಿಟ್ಟರ್ ಹತ್ರ ಬ್ಲೂ ಎಲ್ಲಿ ಹತ್ತಿಲ್ಲ ಅಂತ ಕೇಳ್ಕೊಂಡು ಬನ್ನಿ.